ಸ್ಟಾಪುಗಳ ಅಧ್ಯಾಯ

ಇಪ್ಪತ್ತೊಂಬತ್ತು ವರ್ಷ ಇವರ ಗಂಟಲಲ್ಲೇ ಇದ್ದವು
ಶಿವಮೊಗ್ಗದಿಂದ ಆಗುಂಬೆ ತನಕದ ಊರುಗಳು.
ಗಾಜನೂರು, ಸಕ್ರೆಬೈಲು, ಯಾರ್ರೀ ಮಂಡಗದ್ದೆ,
ಮಾಳೂರು, ತೀರ್ಥಹಳ್ಳಿ ಹತ್ತು ನಿಮಿಷ ಟೀಗೆ,
ಮೇಗರವಳ್ಳಿ, ಗುಡ್ಡೇಕೇರಿ.
ನಿದ್ದೆಗಣ್ಣಲ್ಲಿ ನನ್ನನ್ನೂ
ಎಷ್ಟೋ ಸಲ ಮಂಡಗದ್ದೆಯಲ್ಲಿ ಇಳಿಸಿದ್ದಾರೆ.
ಸಮಾಧಾನಪ್ಪ ಅಂತ ಹೆಸರು;
ಚಿಲ್ಲರೆಗೆ ಜಗಳವಾದಾಗ
ಹೆಸರು ಹಿಡಿದೇ ಬಸ್ಸೆಲ್ಲ ನಗುತ್ತಿತ್ತು.

ಬೀಡಿ ಮುಟ್ಟಿದವರಲ್ಲ, ಎಲೆ ಹಾಕಿದವರಲ್ಲ.
ಅದನ್ನೇ ಡಾಕ್ಟರಿಗೆ ಎರಡೆರಡು ಸಲ ಹೇಳಿದೆ,
ಅರ್ಧ ಟಿಕೆಟಿಗೆ ಚೌಕಾಸಿ ಮಾಡುವವಳ ಹಾಗೆ.
ಅವರು ಫಿಲ್ಮನ್ನು ಬೆಳಕಿಗೆ ಹಿಡಿದರು.
ಧ್ವನಿಪೆಟ್ಟಿಗೆ ಎಂಬುದೊಂದು ಇತ್ತೆಂದು
ನಮಗೆ ಗೊತ್ತಾದದ್ದು ಅದನ್ನು ತೆಗೆಯುವ ವಾರ.
ಈಗ ಸೀಟಿ ತುಟಿಗಿಟ್ಟರೆ
ಉಸಿರು ಕುತ್ತಿಗೆಯ ತೂತಿನಿಂದ,
ಹಿಂದಿನ ಬಾಗಿಲಲ್ಲೇ ಇಳಿದುಹೋಗುತ್ತದೆ.

ಸಂಜೆ ಸತ್ಯವೇದ ಓದುವ ಪಾಳಿ ಇವರದಿತ್ತು.
ಈಗ ನನ್ನದು. ನಾಲ್ಕನೇ ಕ್ಲಾಸು ನಾನು,
ಒತ್ತಕ್ಷರ ಬಂದರೆ ಎಡವುತ್ತೇನೆ.
ಇವರು ಎದುರಿಗೆ ಕೂತು ಮೇಜು ಕುಟ್ಟುತ್ತಾರೆ:
ಒಂದು ಸಲವಾದರೆ ಹೋಲ್ಡಾನ್, ತಪ್ಪು ಓದಿದೆ.
ಎರಡಾದರೆ ರೈಟ್ ರೈಟ್.

ಬಂದವರೆಲ್ಲ ಯೋಬನನ್ನು ಓದಿ ಎಂದರು.
ಉಪದೇಶಿ ದಾವೀದಣ್ಣ ಕೀರ್ತನೆಗಳ ನಡುವೆ
ಹಳೇ ಲಗ್ನಪತ್ರಿಕೆಯೊಂದನ್ನು ಗುರುತಿಗಿಟ್ಟು ಹೋದರು.
ಇವರು ಅಂಗನವಾಡಿಯ ಸ್ಲೇಟಿನಲ್ಲಿ ಬರೆದರು:
ಸಾಲಾಗಿ ಹೋಗು. ಊರು ಹಾರಿಸಬೇಡ.

ಹಾಗಾಗಿ ಅರಣ್ಯಕಾಂಡ.
ಅರಣ್ಯವೆಂದರೆ ನನಗೆ ಮರ, ಜಿಗಣೆ, ಹಗಲಲ್ಲೂ ಕತ್ತಲು.
ಅವರದು ಮರಳಂತೆ, ನೆರಳೇ ಇಲ್ಲವಂತೆ.
ಜನ ಎಣಿಸಿದ್ದು, ಮತ್ತೆ ಎಣಿಸಿದ್ದು, ಕುರಿಗಳ ಲೆಕ್ಕ.
ಮಣಿಪಾಲಕ್ಕೆ ಸ್ಕ್ಯಾನಿಂಗಿಗೆ ಹೊರಡುವ ಹಿಂದಿನ ರಾತ್ರಿ
ಮೂವತ್ಮೂರನೇ ಅಧ್ಯಾಯ ಬಂತು.
ನನಗೋ ಒಂದು ಮಾತು ಬೇಕಿತ್ತು,
ಸೆರಗಿಗೆ ಗಂಟು ಹಾಕಿಕೊಂಡು
ಆಸ್ಪತ್ರೆ ಬೆಂಚಿನಲ್ಲಿ ಮುಟ್ಟಿ ನೋಡಿಕೊಳ್ಳುವಂಥದು.
ಸಿಕ್ಕಿದ್ದು ಬರೀ ಊರಿನ ಹೆಸರು.
ಅಲ್ಲಿಂದ ಹೊರಟರು, ಇಲ್ಲಿ ಇಳಿದುಕೊಂಡರು,
ಇಲ್ಲಿಂದ ಹೊರಟರು, ಮತ್ತೆಲ್ಲೋ ಇಳಿದುಕೊಂಡರು.
ಸುಕ್ಕೋತ್. ಏತಾಮ್. ಮಾರಾ, ನೀರು ಕಹಿಯಿದ್ದ ಊರು.
ಏಲೀಮ್, ಹನ್ನೆರಡು ಒರತೆ, ಎಪ್ಪತ್ತು ಖರ್ಜೂರದ ಮರ.
ರೆಫೀದೀಮ್, ಕುಡಿಯಲು ಹನಿ ನೀರಿಲ್ಲ.
ಆಮೇಲೆ ರಿತ್ಮಾ, ಲಿಬ್ನಾ, ರಿಸ್ಸಾ,
ಏನೂ ನಡೆಯದ ಊರುಗಳು.
ಸಿಟ್ಟು ಬಂತು. ಪುಸ್ತಕ ಮುಚ್ಚಹೋದೆ.

ಟಕ್.

ತಲೆ ಎತ್ತಿದರೆ ಇವರ ತುಟಿ ಆಡುತ್ತಿದೆ, ಸದ್ದಿಲ್ಲದೆ.
ಬಲಗೈ ಗಾಳಿಯಲ್ಲಿ, ಮೇಲಿನ ಕಂಬಿ ಹಿಡಿದ ಹಾಗೆ.
ಮೈ ಯಾವುದೋ ತಿರುವಿಗೆ ವಾಲಿದೆ.
ಸ್ಲೇಟು ಎಳೆದುಕೊಂಡು ಬರೆದರು: ಇದು ವೇ ಬಿಲ್.
ಅಂಗೈಯಲ್ಲಿ ಒರೆಸಿ ಮತ್ತೆ:
ಯಾರೂ ಹತ್ತದ ಸ್ಟಾಪನ್ನೂ ಬರೆದಿಟ್ಟಿದ್ದಾನೆ ನೋಡು.

ಪೂರ್ತಿ ಅರ್ಥವಾಯಿತು ಎನ್ನಲಾರೆ.
ಇವರ ಗಂಟಲೇ ಯಾಕೆ ಬೇಕಿತ್ತು ಎಂದು
ಬಟ್ಟೆ ಕುಕ್ಕುತ್ತಾ ಈಗಲೂ ಕೇಳುತ್ತೇನೆ, ಜೋರಾಗಿಯೇ.
ಉತ್ತರ ಬಂದಿಲ್ಲ.
ಆದರೆ ಆ ಕಹಿನೀರಿನ ಊರಿನಲ್ಲೂ
ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಯಾರೋ
ಸೀಟಿನಿಂದ ಸೀಟಿಗೆ ತಲೆ ಎಣಿಸುತ್ತಾ ಬಂದಿದ್ದಾನೆ,
ನಮ್ಮ ಸಾಲಿನ ಹತ್ತಿರ ಒಂದು ಗಳಿಗೆ ನಿಂತಿದ್ದಾನೆ.

ಬೆಳಿಗ್ಗೆ ಆರೂಕಾಲರ ಬಸ್ಸು.
ಕಂಡಕ್ಟರು ಹೊಸ ಹುಡುಗ, ಕಿವಿಯಲ್ಲಿ ವಯರು,
ಊರು ಕೂಗುವುದೇ ಇಲ್ಲ.
ನಾನೇ ಇವರ ಕಿವಿಯ ಹತ್ತಿರ ಮೆಲ್ಲಗೆ
ಗಾಜನೂರು ಎಂದೆ, ಸಕ್ರೆಬೈಲು ಎಂದೆ.
ಮಾಳೂರು ಮರೆತೆ. ಟಕ್, ನನ್ನ ಮೊಣಕಾಲಿನ ಮೇಲೆ.
ಆಗುಂಬೆಗೆ ಇವರ ಡ್ಯೂಟಿ ಮುಗಿಯುತ್ತಿತ್ತು.
ಅಲ್ಲಿಂದಾಚೆ ಘಾಟಿ, ತಿರುವಿನ ಮೇಲೆ ತಿರುವು,
ಮಂಜಿನಲ್ಲಿ ಮುಂದಿನ ಕಲ್ಲೂ ಕಾಣದು.
ಯಾವ ಹೆಸರು ಹೇಳಲಿ ಎಂದು ಮುಖ ನೋಡಿದೆ.

ಟಕ್ ಟಕ್.